ತೀರ್ಪಿನ ನಕಲು

ಕೋರ್ಟಿನ ಮೆಟ್ಟಿಲಿಳಿಯುವಾಗ ಚಿಕ್ಕಬೈರಪ್ಪ ನಗದೇ ಇದ್ದಿದ್ದರೆ ವೆಂಕಟಲಕ್ಷ್ಮಮ್ಮ ಬಹುಶಃ ಅವನನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದಳು.

ಅದು ೧೯೬೧ರ ಮಾತು. ಹೆಬ್ಬಾಳದ ಆಚೆ ದ್ರಾಕ್ಷಿತೋಟ ಮಾಡಿದ್ದ ಚಿಕ್ಕಬೈರಪ್ಪ ಊರವರ ಮುಂದೆ ಮೆತ್ತಗೆ ಮಾತಾಡುವ ಮನುಷ್ಯ. ಮನೆಯೊಳಗೆ ಮಾತ್ರ ಬೇರೆ. ಮಳೆಗೆ ಹಣ್ಣು ಒಡೆದರೆ ಹೆಂಡತಿಗೆ ಏಟು, ಬೆಳೆ ಚೆನ್ನಾಗಿ ಬಂದರೆ ಕುಡಿದು ಬಂದು ಏಟು. ಪಂಚಾಯ್ತಿಯವರು ಮೂರು ಸಲ ಕೂತು, ಮೂರು ಸಲವೂ ಅವಳಿಗೇ ಬುದ್ಧಿ ಹೇಳಿ ವಾಪಸು ಕಳಿಸಿದರು. ಆಮೇಲೊಂದು ದಿನ ಅವನು ಅವಳ ಎಡಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಒತ್ತಿದ. ಮೂಳೆ ಮುರಿಯಿತು. ಯಲಹಂಕದಿಂದ ಓಡಿಬಂದ ಅಪ್ಪ ದೊಡ್ಡಮುನಿಯಪ್ಪ ಈ ಸಲ ಪಂಚಾಯ್ತಿ ಕೂಡಿಸಲಿಲ್ಲ. ಮಗಳನ್ನು ಆಸ್ಪತ್ರೆಗೆ ಕರೆದೊಯ್ದ, ಕಟ್ಟು ಬಿಚ್ಚಿದ ಮೇಲೆ ವಕೀಲರ ಬಳಿಗೆ. ಮೊದಲು ಗಂಡನಿಂದ ಬೇರೆ ಇರಬಹುದೆಂಬ ತೀರ್ಪು ಬಂತು. ಅದಾಗಿ ಎರಡು ವರ್ಷಕ್ಕೆ ವಿಚ್ಛೇದನ.

"ಒಳ್ಳೇದೇ ಆಯ್ತು ಬಿಡು," ಎಂದು ನಕ್ಕ ಚಿಕ್ಕಬೈರಪ್ಪ. "ವರ್ಷ ಕಳೀಲಿ, ಒಸಬಳನ್ನ ತರ್ತೀನಿ. ನೀನು ನಿಮ್ಮಪ್ಪನ ಮನೇಲಿ ಸಗಣಿ ಬಾಚ್ಕೊಂಡಿರು."

ಅವಳು ತಿರುಗಿ ಮೆಟ್ಟಿಲು ಹತ್ತಿದಳು. ವಕೀಲರನ್ನು ಕೇಳಿ ಮೊದಲ ತೀರ್ಪಿನ ನಕಲು ತೆಗೆಸಿಕೊಂಡಳು. ಅದು ಇಂಗ್ಲಿಷಿನಲ್ಲಿತ್ತು.

"ಅವನು ನನ್ನ ಒಡ್ದಿದ್ದು ಎಲ್ಲಿ ಬರ್ದಿದೆ ಸ್ವಾಮಿ?"

ವಕೀಲರು ಒಂದು ಸಾಲಿಗೆ ಕೆಂಪು ಶಾಯಿಯ ಗೆರೆ ಎಳೆದು ಕನ್ನಡದಲ್ಲಿ ಹೇಳಿದರು. ಯಲಹಂಕ ಬರುವಷ್ಟರಲ್ಲಿ ಅದು ಅವಳಿಗೆ ಬಾಯಿಪಾಠವಾಗಿತ್ತು.

ಮಾರನೆಯ ವರ್ಷ ಸಂತೆಯಲ್ಲಿ ಅವಳು ಸೊಪ್ಪು ಮಾರುತ್ತಿದ್ದಾಗ ಹೆಬ್ಬಾಳದ ಕಡೆಯವರಿಂದ ಸುದ್ದಿ ಸಿಕ್ಕಿತು: ಚಿಕ್ಕಬೈರಪ್ಪ ಬರುವ ಭಾನುವಾರ ಗೊರಗುಂಟೆಪಾಳ್ಯಕ್ಕೆ ಹೆಣ್ಣು ನೋಡಲು ಹೋಗುತ್ತಾನೆ. ಆ ದಿನ ಅವಳು ಮಡಿಸಿಟ್ಟಿದ್ದ ಸೀರೆ ಉಟ್ಟು ಬಸ್ಸು ಹತ್ತಿದಳು. ಅವನು ಚಾಪೆಯ ಮೇಲೆ ಕೂತು ಉಪ್ಪಿಟ್ಟಿಗೆ ಕೈಹಾಕುವ ಹೊತ್ತಿಗೆ ಬಾಗಿಲಲ್ಲಿ ನಿಂತಳು. ಕಾಗದ ಬಿಡಿಸಿ ಕೆಂಪು ಗೆರೆಯ ಮೇಲೆ ಬೆರಳಿಟ್ಟಳು.

"ಈ ಮನುಷ್ಯ ಹೆಂಡತಿಯನ್ನು ಪದೇಪದೇ ಹೊಡೆದು ಅವಳ ಕೈ ಮುರಿದಿರುವುದು ರುಜುವಾತಾಗಿದೆ. ಇದು ಜಡ್ಜಿ ಬರ್ದಿರೋದು. ಆ ಕೈ ಇದು."

ಎಡಗೈ ಚಾಚಿದಳು. ಅದು ಅರ್ಧಕ್ಕೇ ನಿಂತಿತು. ಹೆಣ್ಣಿನ ತಾಯಿ ಬಗ್ಗಿ, ಅವನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ವಾಪಸು ಬರುವಾಗ ವೆಂಕಟಲಕ್ಷ್ಮಮ್ಮನಿಗೆ ಹಬ್ಬದೂಟ ಉಂಡಂತಿತ್ತು.

"ಸಾಕು ಬಿಡವ್ವ," ಎಂದ ಅಪ್ಪ.

"ಈ ಕೈ ನೆಟ್ಟಗಾದ ದಿನ ಬಿಡ್ತೀನಿ."

ಆರು ತಿಂಗಳು ಸುಮ್ಮನಿದ್ದು ಅವನು ತಣಿಸಂದ್ರದಲ್ಲಿ ಹೆಣ್ಣು ನೋಡಿದ. ಅಲ್ಲಿಗೂ ಹೋದಳು. ಹೆಣ್ಣಿನ ಅಜ್ಜಿ ಮುನಿಗಂಗಮ್ಮ ಎಲ್ಲ ಕೇಳಿಸಿಕೊಂಡು ಎಲೆಯಡಿಕೆ ಉಗಿದು ಬಂದಳು.

"ನಮ್ ಮಗೀನ ಮೇಲಿನ ಕನಿಕರಕ್ಕೆ ಬಂದ್ಯೋ, ಇವನ ಮೇಲಿನ ಸೇಡಿಗೆ ಬಂದ್ಯೋ?"

"ಸೇಡಿಗೇ ಬಂದೆ ಅಜ್ಜಿ. ನಿಮ್ ಮಗೀನ ನಾನು ನೋಡೂ ಇಲ್ಲ."

ಮುದುಕಿ ಅವಳ ಮುಖವನ್ನೇ ನೋಡಿದಳು. "ಸುಳ್ಳಾಡ್ಲಿಲ್ಲ ನೀನು. ಕೂತ್ಕೊ, ಉಂಡ್ಕೊಂಡು ಓಗು."

"ಇವನು ಎದ್ದೋಗ್ಲಿ. ಆಮೇಲೆ ಉಣ್ತೀನಿ."

ಎಲ್ಲರೂ ಅವನತ್ತ ನೋಡಿದರು. ಚಿಕ್ಕಬೈರಪ್ಪ ಎದ್ದು ಮೆಟ್ಟು ಹುಡುಕಿಕೊಂಡು ಹೊರಟ.

ಅದಾಗಿ ಸುಗ್ಗಿ ಮುಗಿದ ಮೇಲೆ ಒಂದು ದಿನ ಅವನು ಯಲಹಂಕದ ಸಂತೆಗೇ ಬಂದ. ಸೊರಗಿದ್ದ, ಗಡ್ಡ ಬೆಳೆದಿತ್ತು. ತಾಯಿ ಹಾಸಿಗೆ ಹಿಡಿದಿದ್ದಾಳೆ, ಬೇಯಿಸಿ ಹಾಕುವವರಿಲ್ಲ ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ತಪ್ಪಾಯ್ತು ಕಣೆ. ಇನ್ನ ಬಿಟ್ಬುಡು," ಎಂದ.

ಅವಳು ಸೊಪ್ಪಿನ ಕಂತೆಗೆ ನೀರು ಚಿಮುಕಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ತಪ್ಪಾಯ್ತು ಅಂತ ನನ್ನ ಮುಂದೆ ಯಾಕೆ ಏಳ್ತೀಯ? ಮುಂದಿನ ಸಲ ಎಣ್ಣು ನೋಡಕ್ಕೋದಾಗ ಅವರ ಮನೇಲಿ ಏಳು. ನಾನೂ ಬಂದು ಕೇಳಿಸ್ಕೊತೀನಿ."

ಅವನು ಜನರ ನಡುವೆ ಹೊರಟುಹೋದ. ಮತ್ತೆ ಯಾವ ಊರಿಗೂ ಹೆಣ್ಣು ನೋಡಲು ಹೋಗಲಿಲ್ಲ. ಆದರೂ ಎಷ್ಟೋ ವರ್ಷ, ಹೆಬ್ಬಾಳದ ಕಡೆಯವರು ಸೊಪ್ಪಿಗೆ ಬಂದಾಗಲೆಲ್ಲ ವೆಂಕಟಲಕ್ಷ್ಮಮ್ಮ ಕೇಳುತ್ತಲೇ ಇದ್ದಳು: "ಅವನಿಗೆ ಎಲ್ಲಾದ್ರೂ ಎಣ್ಣು ಗೊತ್ತಾಯ್ತಾ?"