ಒಂಬತ್ತು ಕುರ್ಚಿಗಳ ಕೋಣೆ ಮತ್ತು ಬಾಯಿಬಿಡದ ಮಿಸಾವೊ

೧.
ಎಲ್ಲಿಂದ ಶುರು ಮಾಡಲಿ? ಈ ಕೇಸಿನ ಮೊದಲೂ ಗೊತ್ತು, ಕೊನೆಯೂ ಗೊತ್ತು. ಎರಡೂ ಪೇಪರಿನಲ್ಲೇ ಬಂದಿವೆ. ನಡುವಿನದು ಮಾತ್ರ ನನ್ನ ಕೈಯಲ್ಲಿಲ್ಲ. ಅದನ್ನು ಬಲ್ಲವರು ಒಂಬತ್ತೇ ಜನ, ಒಳಗಿನ ಚರ್ಚೆಯನ್ನು ಬಾಯಿಬಿಟ್ಟರೆ ಕಾನೂನಿನಂತೆ ಆರು ತಿಂಗಳವರೆಗೂ ಜೈಲು. ಆ ಒಂಬತ್ತರಲ್ಲಿ ಒಬ್ಬಳು ನನಗೆ ಕ್ಷೌರ ಮಾಡುವ ಮಿಸಾವೊ. (ಕಥೆಗಾರನಿಗೆ ಇದಕ್ಕಿಂತ ಹಿಂಸೆ ಬೇಕೆ?)

'ಜನವರಿಯ ಹಿಮದ ನಡುವೆ ಕುರೊಯಿವಾನ ಬಾಡಿಗೆ ಮನೆ ಧಗಧಗ ಉರಿಯುತ್ತಿತ್ತು' ಅಂತ ಆರಂಭಿಸಿ, ಹಾಳೆಯನ್ನು ಅವಳ ಅಂಗಡಿಗೆ ಒಯ್ದೆ.

"ಮೇಷ್ಟ್ರೇ, ಬೆಂಕಿ ನೀವು ಕಂಡ್ರಾ?"

"ಇಲ್ಲ."

"ನಾನೂ ಕಾಣ್ಲಿಲ್ಲ. ಕಾಣದ್ದನ್ನೇ ನಾಲ್ಕು ದಿನ ಕೋರ್ಟಲ್ಲಿ ಕೂತು ಕೇಳಿದ್ದು. ಹೊಡೆದುಹಾಕಿ ಅದನ್ನ."

ಹೊಡೆದುಹಾಕಿದೆ.

೨.
ಹೇಳಬಹುದಾದಷ್ಟನ್ನು ಹೇಳುತ್ತೇನೆ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ, ನ್ಯಾಯಾಧೀಶರ ಪಕ್ಕ ಕೂತು ತೀರ್ಪು ಕೊಡಲು ಮಿಸಾವೊಳನ್ನು ಕರೆದರು. ಪತ್ರ ಹಿಡಿದು ನನ್ನಲ್ಲಿಗೆ ಓಡಿಬಂದಳು.

"ಅಲ್ಲ ಮೇಷ್ಟ್ರೇ, ನಾನು ಕತ್ತರಿ ಹಿಡಿಯೋಳು. ಒಬ್ಬ ಮನುಷ್ಯನ್ನ ಜೈಲಿಗೆ ಕಳಿಸೋದು ನಾನಾ?"

"ನೀವೊಬ್ಬರೇ ಅಲ್ಲ. ನಿಮ್ಮಂಥವರು ಆರು, ಕಪ್ಪು ನಿಲುವಂಗಿಯ ನ್ಯಾಯಾಧೀಶರು ಮೂರು. ಐದು ಕೈ ಎದ್ದರೆ ಅಪರಾಧಿ. ಆದರೆ ಆ ಐದರಲ್ಲಿ ನಿಲುವಂಗಿಯ ಕೈ ಒಂದಾದರೂ ಇರಬೇಕು."

"ನಾವು ಆರೂ ಜನ ಎತ್ತಿದ್ರೆ?"

"ಸಾಲದು."

"ಮತ್ಯಾಕೆ ನಮ್ಮನ್ನ ಕರೀತಾರೆ?"

ಮೂವತ್ತು ವರ್ಷ ಮಕ್ಕಳಿಗೆ ಸಂವಿಧಾನ ಪಾಠ ಮಾಡಿದವನು ನಾನು. ಪತ್ರವನ್ನು ಮಡಚಿ ಅವಳ ಕೈಗೆ ಕೊಟ್ಟೆ.

ಆರೋಪಿ ಕುರೊಯಿವಾ, ವಯಸ್ಸು ಐವತ್ತೆಂಟು. ಮನೆಗೆ ತಾನೇ ಬೆಂಕಿಯಿಟ್ಟ ಎಂಬುದು ಕೇಸು. ಪಕ್ಕದ ಮನೆಯ ಮುದುಕಿ ಬದುಕಿದ್ದೇ ಹೆಚ್ಚು. ಪೊಲೀಸರ ವಶದಲ್ಲಿ ಇಪ್ಪತ್ತು ದಿನ ಕಳೆದ ಮೇಲೆ "ಸೀಮೆಎಣ್ಣೆ ಸುರಿದೆ" ಎಂದು ಒಪ್ಪಿಕೊಂಡಿದ್ದ. ಕೋರ್ಟಿನಲ್ಲಿ ಮಾತು ಬದಲಿಸಿದ: "ಮಧ್ಯಾಹ್ನ ಸ್ಟೋವಿಗೆ ಬೆನ್ನು ಮಾಡಿ ಮಲಗಿದ್ದೆ. ಅದು ಉರುಳಿರಬೇಕು."

ವಿಚಾರಣೆಯ ಮೂರನೇ ದಿನ ಮಿಸಾವೊ ಪ್ರಶ್ನೆ ಕೇಳಿದಳು. (ಇದು ತೆರೆದ ಕೋರ್ಟಿನಲ್ಲಿ ಆದದ್ದು, ಬರೆಯಬಹುದು. ವಿಚಾರಿಸಿದ್ದೇನೆ.)

"ಕುರೊಯಿವಾ ಅವರೇ, ಅವತ್ತು ನಿಮ್ಮ ಕೂದಲೂ ಸುಟ್ಟಿತ್ತು ಅಂದ್ರಲ್ಲ, ಯಾವ ಕೂದಲು? ಹಣೆ ಮೇಲಿಂದಾ, ಕುತ್ತಿಗೆ ಹಿಂದಿಂದಾ?"

ಬಗ್ಗಿ ಸುರಿದು ಹಚ್ಚಿದವನಿಗೆ ಮುಂದಿನದು ಸುಡುತ್ತದೆ, ಬೆನ್ನು ಮಾಡಿ ಮಲಗಿದವನಿಗೆ ಹಿಂದಿನದು. ಅವಳ ಕಸುಬಿನ ಲೆಕ್ಕ ಅಷ್ಟು ಸರಳ. ಸರ್ಕಾರಿ ವಕೀಲರು ಫೈಲು ತಿರುವಿಹಾಕಿದರು. ಹಿಡಿದ ದಿನದ ಫೋಟೋದಲ್ಲಿ ಅವನ ತಲೆಯ ಮೇಲೆ ಉಣ್ಣೆಯ ಟೋಪಿ.

"ನೆನಪಿಲ್ಲಮ್ಮ," ಅಂದ ಕುರೊಯಿವಾ. "ಹಿಡಿದ ಮೂರನೇ ದಿನಕ್ಕೇ ತಲೆ ಬೋಳಿಸಿಬಿಟ್ರು."

"ಬಿಸಿ ಮೊದಲು ತಾಗಿದ್ದೆಲ್ಲಿಗೆ?"

"ಎಲ್ಲಾ ಕಡೆ."

೩.
ಕಥೆಯ ಮೂರನೇ ಭಾಗ ತೀರ್ಪು ಚರ್ಚಿಸುವ ಕೋಣೆಯ ಬಾಗಿಲಿನ ಆಚೆಗಿದೆ. ಒಂಬತ್ತು ಜನ ಒಳಗೆ ಹೋದರು. ಬಾಗಿಲು ಮುಚ್ಚಿತು.

"ಒಳಗೆ ಚಹಾನಾದ್ರೂ ಕೊಟ್ಟರಾ?" ಅಂತ ಕೇಳಿದೆ.

"ಅದನ್ನ ಹೇಳಬಹುದೋ ಇಲ್ವೋ ಗೊತ್ತಿಲ್ಲ. ಹೇಳಲ್ಲ."

೪.
ತೀರ್ಪು: ಅಪರಾಧಿ. ಏಳು ವರ್ಷ.

ಮುಖ್ಯ ನ್ಯಾಯಾಧೀಶರು ಓದಿ ಮುಗಿಸಿದಾಗ ಕುರೊಯಿವಾ ಸೊಂಟದವರೆಗೆ ಬಗ್ಗಿ ವಂದಿಸಿದನಂತೆ.

"ಯಾರಿಗೆ ಬಗ್ಗಿದ ಮೇಷ್ಟ್ರೇ? ಅವರಿಗಾ? ನನಗಾ? ಥ್ಯಾಂಕ್ಸಾ, ಬೈಗುಳಾ?"

ಅಂದಿನಿಂದ ಅವಳ ಕತ್ತರಿ ಗಿರಾಕಿಗಳ ಕುತ್ತಿಗೆಯ ಹತ್ತಿರ ಬಂದು ನಿಂತುಬಿಡುತ್ತದೆ. ಇಬ್ಬರು ಮೀನುಗಾರರು ಬೇಸತ್ತು ಸ್ಟೇಷನ್ ಪಕ್ಕದ ಅಂಗಡಿಗೆ ಹೋಗತೊಡಗಿದ್ದಾರೆ. ಗಂಡನಿಗೂ ಅವಳು ಏನೂ ಹೇಳುವಂತಿಲ್ಲ. ಅವನು ಕೇಳುವುದನ್ನೂ ಬಿಟ್ಟಿದ್ದಾನೆ, ಊಟಕ್ಕೆ ಕೂತಾಗ ಟಿವಿಯ ಸದ್ದು ಹೆಚ್ಚಿಸುತ್ತಾನೆ.

೪. (ಮತ್ತೆ. ಮೂರನ್ನು ತುಂಬಿಸದೆ ಐದಕ್ಕೆ ಹೋಗಲು ಮನಸ್ಸಾಗುತ್ತಿಲ್ಲ.)
ನಾನೊಂದು ಉಪಾಯ ಹೂಡಿದೆ. ಉಪಾಯ ಅನ್ನುವುದು ದೊಡ್ಡ ಮಾತು, ಕಳ್ಳತನ ಅನ್ನಿ. ಶೇವಿಂಗಿಗೆ ಕುರ್ಚಿಯಲ್ಲಿ ಒರಗಿದೆ. ಬಿಸಿ ಟವೆಲ್ ಮುಖ ಮುಚ್ಚಿತು. ಅದರಡಿಯಿಂದಲೇ ಹೇಳಿದೆ: "ಆ ಕೋಣೇಲಿ ಆದದ್ದನ್ನ ಮೂರು ಥರ ಬರೆದಿದ್ದೀನಿ. ನೀವು ಏನೂ ಹೇಳಬೇಡಿ, ಸುಮ್ಮನೆ ಕೇಳಿ."

ಒಂದು: ಒಂಬತ್ತೂ ಕೈ ಎದ್ದವು, ಅವಳದೂ ಸೇರಿ.

ಎರಡು: ಎಂಟು ಎದ್ದವು, ಅವಳದು ತೊಡೆಯ ಮೇಲೇ ಉಳಿಯಿತು.

ಮೂರು: ನಾಲ್ಕು ಎದ್ದವು. ಎಲ್ಲರೂ ಅವಳತ್ತ ನೋಡಿದರು. ಐದನೆಯದು ಅವಳದು.

ಬಟ್ಟಲಿನಲ್ಲಿ ನೊರೆ ಕಲೆಸುವ ಬ್ರಶ್ಶಿನ ಸದ್ದಿಗೆ ಕಿವಿಗೊಟ್ಟಿದ್ದೆ. ಮೊದಲನೆಯದಕ್ಕೆ ಸದ್ದು ನಿಂತಿತು. ಸಿಕ್ಕಿಬಿದ್ದಳು ಅಂದುಕೊಂಡೆ. ಎರಡನೆಯದಕ್ಕೂ ನಿಂತಿತು. ಮೂರನೆಯದಕ್ಕೂ.

ಟವೆಲ್ ತೆಗೆದಳು. ಕಣ್ಣು ಕೆಂಪಾಗಿತ್ತು, ಆದರೆ ದನಿ ಎಂದಿನದೇ.

"ಮೂರೂ ಚೆನ್ನಾಗಿವೆ. ಸರಿ, ಆ ಕುರ್ಚೀಲಿ ನೀವೇ ಕೂತಿದ್ರೆ ಮೇಷ್ಟ್ರೇ? ಕೈ ಎತ್ತುತ್ತಿದ್ರಾ?"

ಬಾಯಿ ತೆರೆದೆ. ಮೇಲ್ತುಟಿಯ ಮೇಲೆ ಬ್ಲೇಡು ಬಂದು ಕೂತಿತು.

"ಅಲುಗಾಡಬೇಡಿ."

ಬ್ಲೇಡು ತೆಗೆದ ಮೇಲೆ ದುಡ್ಡು ಕೊಟ್ಟು ಎದ್ದೆ.

೫.
ಮನೆಗೆ ಬಂದು 'ಎತ್ತುತ್ತಿದ್ದೆ' ಎಂದು ಬರೆದೆ. ಹೊಡೆದುಹಾಕಿದೆ. 'ಎತ್ತುತ್ತಿರಲಿಲ್ಲ' ಎಂದು ಬರೆದೆ. ಅದನ್ನೂ ಹೊಡೆದುಹಾಕಿದೆ. ಹಾಳೆಯಲ್ಲಿ ಈಗ ಎರಡೂ ಇವೆ, ಎರಡರ ಮೇಲೂ ಒಂದೊಂದು ಗೀಟು. ಗೀಟಿನ ಅಡಿಯಲ್ಲಿ ಎರಡನ್ನೂ ಓದಬಹುದು.