ಬೇರೆ ಬಟ್ಟಲು

ಹಮ್ರೋಬೀಬಿ ಕೆಟ್ಟ ಅತ್ತೆ ಎನ್ನುವವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಸೊಸೆ ಸನೋಬರಳಿಗೂ ಹಾಗೆನ್ನಲು ಬಾಯಿ ಬರುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು, ಸೊಸೆಗೆಂದೇ ಹೆಸರುಕಾಳು ಅಕ್ಕಿ ಬೇಯಿಸಿ, ಮೇಲೆ ಗಟ್ಟಿ ಮೊಸರು ಹಾಕಿ, ಆರುವ ಮುಂಚೆ ಕೈಗೆ ಕೊಡುವ ಅತ್ತೆಯರು ಇಸ್ಫರಾ ಪಟ್ಟಣದಲ್ಲಿ ಎಷ್ಟು ಜನ ಸಿಕ್ಕಾರು?

ಕೊಡುತ್ತಿದ್ದುದು ಹಸಿರು ಅಂಚಿನ ಒಂದು ಪಿಂಗಾಣಿ ಬಟ್ಟಲಿನಲ್ಲಿ. ಅದನ್ನು ತೊಳೆದು ಇಡುವ ಜಾಗವೂ ಬೇರೆ, ಕಿಟಕಿಯ ಕಟ್ಟೆ. ಉಳಿದವರ ಪಾತ್ರೆಗಳೆಲ್ಲ ಗೋಡೆಯ ಗೂಡಿನಲ್ಲಿ ಒಂದರ ಮೇಲೊಂದು ಇರುತ್ತಿದ್ದವು.

ಹಿಂದಿನ ಚಳಿಗಾಲದಲ್ಲಿ ಸನೋಬರ್ ಮಾತು ಬಿಟ್ಟಿದ್ದಳು. ಯಾರ ಮೇಲೂ ಕೋಪವಿರಲಿಲ್ಲ, ಮಾತು ಮುಗಿದುಹೋಗಿತ್ತು ಅಷ್ಟೆ. ಒಲೆಯ ಪಕ್ಕ ಕೂತು ಸಕ್ಕರೆ ಚಹಾದಲ್ಲಿ ರೊಟ್ಟಿಯ ಚೂರು ಅದ್ದಿ ತಿನ್ನುವುದು, ಮತ್ತೆ ಗೋಡೆ ನೋಡುವುದು. ಆಮೇಲೆ ಅದ್ದಿದ ರೊಟ್ಟಿಯೂ ಚಹಾದಲ್ಲೇ ಕರಗಿಹೋಗುತ್ತಿತ್ತು. ಗಂಡ ಇಸ್ಕಂದರ್ ತನ್ನ ವ್ಯಾನಿನಲ್ಲೇ ಅವಳನ್ನು ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವಳು ತಿರುಗಿ ಬರುವ ಹೊತ್ತಿಗೆ ಜರ್ದಾಳು ಮರಗಳ ಹೂವು ಉದುರಿಯಾಗಿತ್ತು.

ಕಳುಹಿಸುವ ದಿನ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದ್ದಳು. ಸುಸ್ತಾದ ಮುಖದ ಹೆಂಗಸು. ಗುಳಿಗೆ ತನ್ನ ಕೆಲಸ ಮಾಡುತ್ತೆ, ಆದರೆ ಬರೀ ರೊಟ್ಟಿ, ಸಕ್ಕರೆ ಚಹಾದ ಮೇಲೆ ಮನಸ್ಸು ನಿಲ್ಲಲ್ಲ ಎಂದಳು. ಹಸಿವಿರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಏನಾದರೂ ಬಿಸಿಯಾಗಿ ತಿನ್ನಬೇಕು. ಕಾಳು, ಸೊಪ್ಪು, ಮೊಸರು, ಅಕ್ರೋಟು, ಆಗಾಗ ಮೀನು. ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ, ತಿಂಗಳೊಳಗೆ ಬಿಟ್ಟುಬಿಡುತ್ತೀರಿ. ಒಂದು ರೂಢಿಯಾದ ಮೇಲೆ ಇನ್ನೊಂದು. ಕೊನೆಗೆ, ಅವರು ಏಳುವಾಗ, ಇಸ್ಕಂದರ್ ಕಡೆ ತಿರುಗಿ ಹೇಳಿದ್ದಳು: "ಒಬ್ಬಳನ್ನೇ ಕೂರಿಸಿ ಊಟ ಹಾಕ್ಬೇಡಿ. ನಿಮ್ಮ ಜೊತೆ, ನಿಮ್ಮ ಹರಿವಾಣದಲ್ಲೇ ತಿನ್ನಲಿ. ಇದನ್ನ ಮರೀಬೇಡಿ."

ಇಸ್ಕಂದರ್ ತಲೆಯಾಡಿಸಿದ್ದ. ಮನೆಗೆ ಬಂದು ತಾಯಿಗೆ ಕಾಳು ಹೇಳಿದ, ಸೊಪ್ಪು ಹೇಳಿದ, ಮೀನು ಹೇಳಿದ.

ಡಾಕ್ಟರಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಸನೋಬರಳಿಗೆ ನಿದ್ದೆ ಬಂತು. ಬಾಚಣಿಗೆಗೆ ಸಿಗುವ ಕೂದಲು ಕಡಿಮೆಯಾಯಿತು. ಒಂದು ದಿನ ಬೂದುಗುಂಬಳದಷ್ಟು ದೊಡ್ಡ ಮೂಲಂಗಿ ಹೊತ್ತುಕೊಂಡು ಬಂದ ಮಗಳು ಶಹ್ಲಾಳನ್ನು ನೋಡಿ ನಕ್ಕುಬಿಟ್ಟಳು, ಆಮೇಲೆ ತನ್ನ ನಗು ತಾನೇ ಕೇಳಿ ಬೆಚ್ಚಿದಳು. ರೊಟ್ಟಿಯ ಹಿಟ್ಟು ಮತ್ತೆ ಅವಳೇ ನಾದತೊಡಗಿದಳು. ಮಾಂಸದ ಪಲಾವು, ಓಶ್, ಮಾಡುವ ದಿನ ಗಜ್ಜರಿಯನ್ನು ಕಡ್ಡಿಕಡ್ಡಿಯಾಗಿ ಹೆಚ್ಚುವುದೂ ಅವಳೇ, ಅಕ್ಕಿ ತೊಳೆಯುವುದೂ ಅವಳೇ. ಅವಳು ಹೆಚ್ಚಿದ್ದನ್ನು, ತೊಳೆದದ್ದನ್ನು, ನಾದಿದ್ದನ್ನು ಮನೆಯವರೆಲ್ಲ ತಿನ್ನುತ್ತಿದ್ದರು. ಹರಿವಾಣ ಬಂದು ಎಲ್ಲರೂ ಸುತ್ತ ಕೂತಾಗ ಮಾತ್ರ ಅವಳಿಗೆ ಅಡುಗೆಮನೆಯಲ್ಲಿ ಬಟ್ಟಲು.

ಒಂದೇ ಹರಿವಾಣಕ್ಕೆ ಎಲ್ಲರೂ ಕೈಹಾಕುವ ಊರು ಅದು. ಎಂಜಲು ಎನ್ನುವ ಯೋಚನೆಯೇ ಅಲ್ಲಿ ಇಲ್ಲ. ದಾರಿಹೋಕನೊಬ್ಬ ಒಳಗೆ ಬಂದರೂ ಜಾಗ ಮಾಡಿಕೊಟ್ಟು ಅವನ ಮುಂದಿನ ಅನ್ನವನ್ನು ಗುಡ್ಡೆ ಮಾಡುತ್ತಾರೆ.

"ಏನೇ ಹಮ್ರೋ, ಸೊಸೇನ ರಾಣಿ ಥರ ಸಾಕ್ತಿದೀಯ!" ಎಂದು ಪಕ್ಕದ ಮನೆಯ ತೋಜಿನಿಸೋ ಗೋಡೆಯಾಚೆಯಿಂದ ಕೂಗಿದಳು. "ನಮ್ಮತ್ತೆ ನಂಗೆ ಹಾಕ್ತಿದ್ದಿದ್ದು ತಳ ಹಿಡಿದಿದ್ದು ಮಾತ್ರ. ಮುಂದಿನ ಜನ್ಮ ಅಂತಿದ್ರೆ ನಿನ್ನ ಸೊಸೆ ಆಗ್ತೀನಿ ನೋಡು."

"ನಿನ್ನ ನಾಲಿಗೆ ಕಟ್ಕೊಂಡು ನಾನೇನು ಮಾಡ್ಲಿ? ಕಾಯಿಲೆ ಮನುಷ್ಯಳು ಕಣೇ, ನಾನಲ್ದೆ ಇನ್ಯಾರು ನೋಡ್ಬೇಕು?"

"ಈಗ ಚೆನ್ನಾಗೇ ಇದಾಳಲ್ಲ."

"ಆ ಬಟ್ಟಲು ಇರೋದಕ್ಕೆ ಚೆನ್ನಾಗಿರೋದು. ಅದೊಂದು ತಪ್ಪಿದ್ರೆ ಮತ್ತೆ ಏನಾಗುತ್ತೋ, ಯಾರಿಗೆ ಗೊತ್ತು?"

ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಸನೋಬರ್ ಎಲ್ಲ ಕೇಳಿಸಿಕೊಂಡಳು. ಅವಳಿಗೆ ಗುಣವಾದಷ್ಟೂ ಆ ಬಟ್ಟಲು ಗಟ್ಟಿಯಾಗುತ್ತಿತ್ತು.

ಅದೇ ವಾರ ಶಹ್ಲಾ ಅವಳ ತೊಡೆಗೆ ಆತು ನಿಂತು ಕೇಳಿದಳು. "ಅಮ್ಮ, ನಿನ್ನ ಬಟ್ಟಲಲ್ಲಿ ತಿಂದ್ರೆ ನಂಗೂ ಮಾತು ನಿಂತೋಗುತ್ತಾ?"

"ಯಾರು ಹಾಗಂದಿದ್ದು?"

ಮಗು ಸ್ವಲ್ಪ ಯೋಚಿಸಿತು. "ಯಾರೂ ಇಲ್ಲ."

ಆ ಸಂಜೆ ಇಸ್ಕಂದರ್ ವ್ಯಾನಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದಾಗ ಅವಳು ಹೋಗಿ ನಿಂತಳು.

"ಶಹ್ಲಾ ಅಪ್ಪ, ಡಾಕ್ಟರಮ್ಮ ಹೇಳಿದ್ದು ನೆನಪಿದೆಯಾ ನಿಮಗೆ?"

"ಇದೆ. ಯಾಕೆ, ಮೀನು ಮುಗೀತಾ?"

"ಕೊನೇಲಿ ಹೇಳಿದ್ದು."

ಅವನು ಬೋಲ್ಟು ಬಿಗಿ ಮಾಡಿದ. ಆಗಲೇ ಬಿಗಿಯಾಗಿದ್ದ ಬೋಲ್ಟು. "ಅದು ಔಷಧಿ ಅಲ್ಲ ಸನೋಬರ್. ಸುಮ್ನೆ ಒಂದು ಮಾತು."

"ನಂಗೆ ಅದೇ ಬೇಕು."

"ಅಮ್ಮ ನಿಂಗೋಸ್ಕರ ಎಷ್ಟು ಒದ್ದಾಡ್ತಿದಾಳೆ ನೋಡು. ಅವಳಿಗೆ ಹೋಗಿ ಏನಂತ ಹೇಳ್ಲಿ? ಮಸ್ತೂರಾ ಮದುವೆ ವಿಷಯ ಬೇರೆ ನಡೀತಿದೆ. ಗಂಡಿನ ಕಡೆಯವ್ರು ನೂರು ಕೇಳ್ತಾರೆ. ಒಪ್ಪಿಗೆ ರೊಟ್ಟಿ ಮುರೀಲಿ, ಆಮೇಲೆ ನೋಡೋಣ."

"ಆಮೇಲೆ ಹೇಳ್ತೀರಾ?"

"ಹೇಳ್ತೀನಿ ಅಂದ್ನಲ್ಲ."

ಮಸ್ತೂರಾ ಅವನ ತಂಗಿ. ಅವಳಿಗಾಗಿ ಗಂಡಿನ ಕಡೆಯ ಹೆಂಗಸರು ಒಂದು ಭಾನುವಾರ ಬಂದರು, ಮಿಠಾಯಿ ತಂದರು, ಹಾಡಿ ಹೊಗಳಿದರು, ಒಪ್ಪಿಗೆಯ ರೊಟ್ಟಿಯನ್ನು ಮುರಿದು ಹಂಚಿಕೊಂಡರು. ಆ ರೊಟ್ಟಿ ಸನೋಬರ್ ಸುಟ್ಟದ್ದು. ಅವರು ಬಂದು ಹೋಗುವವರೆಗೆ ಅವಳು ಹಿಂದಿನ ಕೋಣೆಯಲ್ಲಿ ಹಾಸಿಗೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ನಿಮ್ಮ ಸೊಸೆ ಕಾಣಿಸ್ತಿಲ್ಲ?" ಎಂದು ಯಾರೋ ಕೇಳಿದ್ದೂ, "ತವರಿಗೆ ಹೋಗಿದಾಳೆ" ಎಂದು ಹಮ್ರೋಬೀಬಿ ಹೇಳಿದ್ದೂ ಕೇಳಿಸಿತು. ತವರಿನಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ.

ಮರುದಿನ ಅವಳು ಕಾದಳು. ಅದರ ಮರುದಿನವೂ ಕಾದಳು. ಇಸ್ಕಂದರ್ ಮೀನು ತಂದ, ಅಕ್ರೋಟು ತಂದ, ಏನೂ ಹೇಳಲಿಲ್ಲ.

ಗುರುವಾರ ಓಶ್ ಮಾಡಿದರು. ಹಮ್ರೋಬೀಬಿ ಹರಿವಾಣವನ್ನು ತಂದು ನೆಲದ ಮೇಲೆ ಹಾಸಿದ ಊಟದ ಬಟ್ಟೆ, ದಸ್ತರ್ಖಾನಿನ ನಡುವೆ ಇಟ್ಟಳು. ಅನ್ನದ ಗುಡ್ಡ, ಮೇಲೆ ಇಡೀ ಮಾಂಸದ ತುಂಡು, ಬೆಳ್ಳುಳ್ಳಿ ಗಡ್ಡೆ. ಇಸ್ಕಂದರ್, ಮಸ್ತೂರಾ, ಶಹ್ಲಾ ಸುತ್ತ ಕೂತರು. ತಿನ್ನಲು ಶುರುಮಾಡಿದ ಮೇಲೆ ಸನೋಬರ್ ಬರಿಗೈಯಲ್ಲಿ ಒಳಗೆ ಬಂದು, ಮಗಳ ಪಕ್ಕ ಮಂಡಿಯೂರಿ ಕೂತಳು.

"ನಿಂದು ಒಲೆ ಮೇಲೆ ಬಿಸಿಯಾಗಿದೆ ಮಗಳೇ," ಎಂದಳು ಹಮ್ರೋಬೀಬಿ.

"ಗೊತ್ತು ಅತ್ತೆ. ಇವತ್ತು ಇಲ್ಲೇ ನಿಮ್ಮ ಜೊತೆ ತಿಂತೀನಿ."

"ಇದ್ರಲ್ಲಿ ಕೊಬ್ಬು ಜಾಸ್ತಿ."

"ಸ್ವಲ್ಪ ತಿಂತೀನಿ."

ಯಾರೂ ಬೇಡ ಎನ್ನಲಿಲ್ಲ. ಅವಳು ತನ್ನ ಮುಂದಿನ ಅಂಚಿನಿಂದ ನಾಲ್ಕು ಬೆರಳಲ್ಲಿ ಅನ್ನ ಒತ್ತಿ ತೆಗೆದು ಬಾಯಿಗಿಟ್ಟಳು. ಒಂದು ಅಗುಳೂ ಬೀಳಲಿಲ್ಲ. ಎಷ್ಟೋ ತಿಂಗಳ ನಂತರ ಎಲ್ಲರ ರುಚಿಯೇ ಅವಳ ನಾಲಿಗೆಯ ಮೇಲೂ ಇತ್ತು.

ಮಸ್ತೂರಾಳ ಬೆರಳು ಅನ್ನದಲ್ಲಿತ್ತು. ಅದನ್ನು ಮೆಲ್ಲನೆ ಹೊರಗೆಳೆದು, ಟವೆಲಿನ ಅಂಚಿಗೆ ಒರೆಸಿಕೊಂಡು, ಚಹಾದ ಬಟ್ಟಲು ಎತ್ತಿದಳು. ಇಸ್ಕಂದರ್ ಇನ್ನೊಂದು ತುತ್ತು ತೆಗೆದ. ಸನೋಬರಳ ಜೀವವೆಲ್ಲ ಆ ಕೈಯ ಮೇಲೆ ಹೋಗಿ ಕೂತಿತು. ಆದರೆ ಅವನು ತೆಗೆದದ್ದು ದೂರದ ಅಂಚಿನಿಂದ, ತಾಯಿಯ ಕಡೆಯಿಂದ. ಅದೂ ಚಿಕ್ಕ ತುತ್ತು. ಆಮೇಲೆ ಅವನೂ ಚಹಾ ಹುಡುಕಿದ.

ಗುಡ್ಡ ಅರ್ಧವೂ ಇಳಿದಿರಲಿಲ್ಲ. ಮಾಂಸವನ್ನು ಇನ್ನೂ ಹೆಚ್ಚಿ ಹಂಚಿರಲಿಲ್ಲ. ಹಮ್ರೋಬೀಬಿ ಯಾರನ್ನೂ ನೋಡದೆ ಎರಡೂ ಅಂಗೈಗಳನ್ನು ಎದೆಯ ಮುಂದೆ ತೆರೆದಳು.

"ಕೊಟ್ಟವನು ದೊಡ್ಡವನು. ಈ ಮನೆಗೆ ರೋಗ ರುಜಿನ ಬಾರದಿರಲಿ. ಹೋಗೋ ಮಗಳ ದಾರಿ ಬೆಳಕಾಗಲಿ. ಆಮೀನ್."

ಎಲ್ಲರೂ ಮುಖದ ಮೇಲೆ ಕೈ ಸವರಿಕೊಂಡರು. ಊಟ ಮುಗಿದಿತ್ತು. ಹಿರಿಯರ ಆಮೀನ್ ಆದ ಮೇಲೆ ಅಲ್ಲಿ ಯಾರೂ ಹರಿವಾಣಕ್ಕೆ ಕೈಹಾಕುವುದಿಲ್ಲ. ಬೈದಿದ್ದರೆ ಸನೋಬರ್ ಏನಾದರೂ ಅನ್ನಬಹುದಿತ್ತು. ಪ್ರಾರ್ಥನೆಗೆ ಏನೆಂದು ಎದುರಾಡುವುದು? ಅಭ್ಯಾಸಬಲದಿಂದ ಅವಳ ಕೈಯೂ ಮೇಲೆದ್ದು ಮುಖ ಸವರಿತು. ಎಣ್ಣೆಯ ಜಿಡ್ಡು ಕೆನ್ನೆಗೆ ಹತ್ತಿತು.

ಶಹ್ಲಾಳಿಗೆ ಇದೊಂದೂ ಗೊತ್ತಾಗಲಿಲ್ಲ. ಅವಳ ಕೈ ಅಮ್ಮ ತಿಂದ ಜಾಗದ ಪಕ್ಕದಲ್ಲೇ ಅನ್ನದ ಕಡೆ ಹೋಯಿತು. ಮೂವರ ಕಣ್ಣೂ ಆ ಪುಟ್ಟ ಕೈಯ ಮೇಲೆ ಬಿದ್ದವು. ಆ ನೋಟ ಸನೋಬರಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಉಂಡು ಬೇಸಿಗೆ ಕಳೆದವಳು ಅವಳು. ಉಳಿದವರು ಅಲುಗಾಡುವ ಮೊದಲು ಅವಳೇ ಮಗಳ ಮಣಿಕಟ್ಟು ಹಿಡಿದಳು.

"ಸಾಕು ಪುಟ್ಟಿ. ಆಮೀನ್ ಆಯ್ತಲ್ಲ."

"ನಂಗಿನ್ನೂ ಹಸಿವು."

"ಅಡುಗೆಮನೇಲಿ ಇನ್ನೂ ಇದೆ. ಅಜ್ಜಿ ಹಾಕ್ಕೊಡ್ತಾರೆ. ಹೋಗು, ಇಲ್ಲಿ ಬೇಡ."

ಮಗು ಹಿಂದೆ ತಿರುಗಿ ನೋಡುತ್ತ ಅಜ್ಜಿಯ ಜೊತೆ ಹೋಯಿತು. ಮಸ್ತೂರಾ ಎದ್ದಳು. ಇಸ್ಕಂದರ್ ಗೋಡೆ ನೋಡಿಕೊಂಡು, "ನಾಳೆ ಒಳ್ಳೆ ಮೀನು ಸಿಕ್ಕಿದ್ರೆ ತರ್ತೀನಿ," ಎಂದು ವ್ಯಾನಿನ ಕಡೆ ನಡೆದ.

ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ನಾಲ್ವರಿಗೆಂದು ಮಾಡಿದ್ದರ ಎದುರು ಸನೋಬರ್ ಒಬ್ಬಳೇ ಕೂತಿದ್ದಳು. ಇದು ಅವಳು ಊಟ ಮಾಡುವ ಹೊತ್ತು. ಹೊತ್ತು ತಪ್ಪಿಸಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಲಗೈ ಮುಂದೆ ಚಾಚಿ, ನಿಧಾನವಾಗಿ, ಚೆನ್ನಾಗಿ ಅಗಿದು ತಿನ್ನತೊಡಗಿದಳು.

ಹಮ್ರೋಬೀಬಿ ಬಾಗಿಲಲ್ಲಿ ಬಂದು ನಿಂತು ನೋಡಿದಳು.

"ತಿನ್ನು ಮಗಳೇ, ಹೊಟ್ಟೆ ತುಂಬ ತಿನ್ನು," ಎಂದಳು. ದನಿಯಲ್ಲಿ ಇದ್ದದ್ದು ನಿಜವಾದ ಅಕ್ಕರೆಯೇ.