ಕೂಡಿಸಿದರೂ ಕೂಡದ ವೋಲ್ಟು

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೋಟಾರುಗಳಿಗೆ ಎಣ್ಣೆ ಬಿಟ್ಟು ಬಿಟ್ಟು ಲಗಮಪ್ಪನಿಗೆ ಬೇಸರ ಬಂದಿತ್ತು. ವೈರ್‌ಮನ್ ಪರೀಕ್ಷೆ ಪಾಸಾಗಬೇಕೆಂಬ ಹಟದಿಂದ, ಪಾಳಿ ಮುಗಿದ ಮೇಲೆ ಶಂಕ್ರಪ್ಪ ಮಾಸ್ತರರು ಮನೆಯ ಪಡಸಾಲೆಯಲ್ಲಿ ನಡೆಸುತ್ತಿದ್ದ ಕ್ಲಾಸಿಗೆ ಹೋಗುತ್ತಿದ್ದ. ಡಿ.ಸಿ. ಪಾಠದಲ್ಲಿ ಅವನೇ ಮುಂದು. ಹಿಂದೆ ಮುಂದೆ ಹರಿಯುವ ಎ.ಸಿ. ಕರೆಂಟಿನ ಪಾಠ ಶುರುವಾದದ್ದೇ ತಡ, ತಲೆ ಕೆಟ್ಟುಹೋಯಿತು.

ಆ ದಿನ ಮಾಸ್ತರರು ಒಂದು ಬಲ್ಬನ್ನೂ ಟ್ಯೂಬ್‌ಲೈಟಿನ ಚೋಕನ್ನೂ ಒಂದರ ಹಿಂದೊಂದು ಜೋಡಿಸಿ ಕರೆಂಟಿನ ಲೈನಿಗೆ ಕೊಟ್ಟರು. ಲಗಮಪ್ಪ ಮೀಟರ್ ಹಿಡಿದ. ಲೈನಿನಲ್ಲಿ ೨೩೦ ವೋಲ್ಟು. ಬಲ್ಬಿನ ಮೇಲೆ ೧೩೮, ಚೋಕಿನ ಮೇಲೆ ೧೮೪. ಕೂಡಿಸಿದರೆ ೩೨೨!

"ಮೀಟರ್ ಕೆಟ್ಟೈತ್ರಿ," ಎಂದ.

"ಕೆಟ್ಟಿಲ್ಲ. ಎ.ಸಿ.ಯೊಳಗ ಹಂಗ ಕೂಡಸೂದಲ್ಲ," ಎಂದು ಮಾಸ್ತರರು ಬೋರ್ಡಿನ ಮೇಲೆ ಲಂಬಕೋನ ತ್ರಿಕೋನ ಬರೆದು, ಎರಡು ಬದಿಗೆ ೧೩೮, ೧೮೪, ಓರೆ ಗೆರೆಗೆ ೨೩೦ ಎಂದು ಗುರುತು ಹಾಕಿದರು.

ಲಗಮಪ್ಪ ನಂಬಲಿಲ್ಲ. ಚೋಕ್ ತೆಗೆದು ಅಂಥದೇ ಇನ್ನೊಂದು ಬಲ್ಬು ಹಾಕಿ ಅಳೆದ. ೧೧೫, ೧೧೫. ಕೂಡಿಸಿದರೆ ಸರಿಯಾಗಿ ೨೩೦. ಇನ್ನು ಮೀಟರನ್ನು ಬೈಯುವ ಹಾಗೂ ಇಲ್ಲ. ಸಿಟ್ಟು ನೆತ್ತಿಗೇರಿತು.

"ತಂತಿಯೊಳಗ ಈ ತ್ರಿಕೋನದ ಮೂಲಿ ಎಲ್ಲಿಂದ ಬಂತ್ರಿ?"

"ಸೂತ್ರ ಬಾಯಿಪಾಠ ಮಾಡು. ಪರೀಕ್ಷಾದಾಗ ಅಷ್ಟ ಕೇಳತಾರ."

"ತಿಳೀಲಾರದ್ದು ಬಾಯಿಪಾಠ ಮಾಡಾಕ ನಾ ಏನ್ ಗಿಣಿ ಏನ್ರಿ? ನಿಮಗೂ ತಿಳದಿಲ್ಲ ಅಂತ ಹೇಳಿಬಿಡ್ರಿ!"

ಮಾಸ್ತರರು ಬಾಗಿಲ ಕಡೆ ಕೈ ತೋರಿಸಿದರು.

ಮನೆಯಲ್ಲಿ ಹೆಂಡತಿ ಕಾಶೆವ್ವ ರೊಟ್ಟಿ ಬಡಿಸಿದರೆ ಅವನು ತಟ್ಟೆಯ ಅಂಚಿನ ಮೇಲೆ ಬೆರಳಿನಿಂದ ತ್ರಿಕೋನ ಬರೆಯುತ್ತ ಕುಳಿತ. "ಆರಿ ಹೋಗತೈತಿ, ಉಣ್ರಿ," ಎಂದದ್ದಕ್ಕೆ ಅವಳ ಮೇಲೂ ಹರಿಹಾಯ್ದ. ಮರುಕ್ಷಣವೇ ನಾಚಿಕೆಯಾಯಿತು.

ಆ ವಾರ ಹೇಗೋ ಕಳೆಯಿತು. ರಜೆಯ ದಿನ ಮಾಸ್ತರರ ಬಾಗಿಲಲ್ಲಿ ನಿಂತ. "ತಪ್ಪು ಮಾತಾಡಿದೆರಿ. ಆದರ ಅದು ಇನ್ನೂ ತಿಳದಿಲ್ಲ."

ಅವರು ಒಂದು ಕಂದು ಕಾಗದ ಹಾಸಿ ಎರಡು ಅಲೆ ಎಳೆದರು. "ಇದು ಬಲ್ಬಿಂದು, ಎತ್ತರ ೧೩೮. ಇದು ಚೋಕಿಂದು, ೧೮೪. ಒಂದು ತುದಿ ಮುಟ್ಟಿದಾಗ ಇನ್ನೊಂದು ಸೊನ್ನಿಯೊಳಗ ಇರತೈತಿ. ಅಲ್ಲಲ್ಲೆ ಅಳದು ನೀನ ಕೂಡಸು."

ಮೊದಲ ಸಲ ಸೊನ್ನೆಯ ಗೆರೆಯ ಕೆಳಗಿನದನ್ನು ಕಳೆಯುವ ಬದಲು ಕೂಡಿಸಿದ. ಹರಿದು ಎಸೆದು ಇನ್ನೊಂದು ಹಾಳೆಯಲ್ಲಿ ಅಲೆ ಎಳೆದ. ಎರಡನೆಯದರಲ್ಲಿ ಅಳತೆಪಟ್ಟಿ ಜಾರಿತು. ಮತ್ತೆ ಹರಿದ. ಮುಂದಿನದರಲ್ಲಿ ಮೂರನೆಯ ಅಲೆಯೊಂದು ಮೆಲ್ಲಗೆ ಮೂಡಿತು. ಎಷ್ಟು ಅಳೆದರೂ ಅದರ ಎತ್ತರ ೨೩೦ ದಾಟಲಿಲ್ಲ. ಎರಡೂ ಒಂದೇ ಹೊತ್ತಿಗೆ ತುದಿಗೇರುವುದೇ ಇಲ್ಲ. ಇಷ್ಟು ದಿನ ತಾನು ಮಾತ್ರ ತುದಿಗೆ ತುದಿ ಕೂಡಿಸುತ್ತ ಕುಳಿತಿದ್ದ.

ಖುಷಿಗಿಂತ ಮೊದಲು ಮತ್ತೆ ಸಿಟ್ಟೇ ಬಂತು. "ಇದನ್ನ ಮೊದಲ ಯಾಕ ಹೇಳಲಿಲ್ಲರಿ?"

"ನನಗೂ ಯಾರೂ ಹೇಳಿರಲಿಲ್ಲಪಾ," ಎಂದರು ಮಾಸ್ತರರು. "ನೀ ಎದ್ದು ಹೋದ ಮ್ಯಾಲ ನಾನೂ ಕುಂತು ಬಿಡಿಸಿ ನೋಡೀನಿ."

ಲಗಮಪ್ಪ ನೆಲದ ಮೇಲೆ ಬಿದ್ದಿದ್ದ ಕಾಗದದ ಚೂರುಗಳನ್ನು ಆರಿಸತೊಡಗಿದ. ಮಾಸ್ತರರೂ ಬಗ್ಗಿ ಆರಿಸಿದರು.